ಬಾಗವಾನ ಕಾಕಾ ಬಿತ್ತದೆ ಬಿಟ್ಟ ಉಸುಕು

ಬಾಗವಾನ ಕಾಕಾರ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳನ್ನು ಬಿಟ್ಟು ದೂರ ನಿಂತಿತ್ತು. ಕೈಯ ಹೆಬ್ಬೆರಳಿನ ಹಾಗೆ ಅದು ತನ್ನಷ್ಟಕ್ಕೆ ತಾನು ಆಡುತ್ತಿತ್ತು. ಉಸುಕಿನಲ್ಲಿ ನಡೆಯುವಾಗ ಮೊದಲು ಆ ಬೆರಳು ನೆಲ ಮುಟ್ಟಿ ನೋಡುತ್ತಿತ್ತು, ಆಮೇಲೆ ಪಾದ ಇಳಿಯುತ್ತಿತ್ತು, ಎಲ್ಲಕ್ಕೂ ಕೊನೆಗೆ ಹಿಮ್ಮಡಿ. ಊರ ಓಣಿಯಲ್ಲಿ ಚಪ್ಪಲಿ ಹಾಕಿಕೊಂಡು ಎಲ್ಲರಂತೆ ನಡೆಯುತ್ತಿದ್ದ ಮನುಷ್ಯ ಹೊಳೆಯ ದಂಡೆ ಬಂದೊಡನೆ ಚಪ್ಪಲಿ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಈ ಬೇರೆ ನಡಿಗೆಗೆ ಬೀಳುತ್ತಿದ್ದರು. ಆಗ ಅವರಿಗೆ ಅರವತ್ತು ದಾಟಿತ್ತು. ತೆಳ್ಳನೆಯ ಮೈ, ಬಿಳಿ ಗಡ್ಡ, ತಲೆಗೆ ಸುತ್ತಿದ ಒಂದು ಮಾಸಿದ ವಸ್ತ್ರ.

ಅವರದು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಹೊಳೆಯ ದಂಡೆಯ ಹಳ್ಳಿ. ಅಲ್ಲಿಂದ ಗಾಣಗಾಪುರಕ್ಕೆ ಬಂಡಿಯಲ್ಲಿ ಅರ್ಧ ದಿನದ ದಾರಿ. ಹಣ್ಣು, ಕಾಯಿಪಲ್ಯ ಬೆಳೆದು ಮಾರುವ ಬಾಗವಾನರ ಮನೆತನ. ಮಳೆಗಾಲದ ನೆರೆ ಇಳಿದು ಹೊಳೆ ಒಂದು ಬದಿಗೆ ಸರಿದ ಮೇಲೆ ಬಯಲಾಗುವ ಉಸುಕಿನಲ್ಲಿ ಅವರೂ ಅವರ ಹೆಂಡತಿಯೂ ಕಲ್ಲಂಗಡಿ, ಖರಬೂಜ ಹಾಕುತ್ತಿದ್ದರು. ಊರಿಗೆಲ್ಲ ಅವರು ಕಾಕಾ, ಆಕೆ ಕಾಕಿ. ನನಗೂ ಹಾಗೆಯೇ ಆದರು.

ನಾನು ಆ ಊರಿಗೆ ಶಾಲೆಯ ಮಾಸ್ತರನಾಗಿ ಹೋದಾಗ ಇಪ್ಪತ್ತು ತುಂಬಿತ್ತು. ನಿಜಾಮಶಾಹಿ ಕಾಲ. ನನ್ನ ಸ್ವಂತ ಊರು ಆಳಂದ ತಾಲ್ಲೂಕಿನ ನರೋಣಾ. ಮಳೆ ನಂಬಿ ಬೆಳೆಯುವ ನೆಲ. ನೀರೆಂದರೆ ನನಗೆ ಬಾವಿಯ ತಳದಲ್ಲಿ ಕಾಣುವ ಒಂದು ತುಂಡು ಆಕಾಶ. ಓದಿದ್ದು ಒಂದು ಕಟ್ಟುನಿಟ್ಟಿನ ವಸತಿ ಶಾಲೆಯಲ್ಲಿ. ಅಲ್ಲಿ ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು. ಆ ಪದ್ಧತಿ ನನ್ನ ಮೈಗೆ ಹತ್ತಿತು, ಇಂದಿಗೂ ಬಿಟ್ಟಿಲ್ಲ. ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ತಣ್ಣೀರು. ಹಳ್ಳಿಯಲ್ಲಿ ನನ್ನ ಕೋಣೆಯ ಗೋಡೆಗೆ ದಿನದ ವೇಳಾಪತ್ರಿಕೆ ಬರೆದು ಅಂಟಿಸಿದ್ದೆ. ಅದರಲ್ಲಿ ‘ಹೊಳೆ: ಐದರಿಂದ ಐದೂವರೆ’ ಎಂದಿತ್ತು.

ಹೊಳೆಯಲ್ಲಿಯೇ ಅವರ ಪರಿಚಯವಾದದ್ದು. ದಸರೆ ಮುಗಿದಿತ್ತು. ನಾನು ಮಿಂದು ಮೇಲೆ ಬರುತ್ತಿದ್ದಾಗ ಅವರು ಮಾತಾಡಿಸಿದರು.

“ಮಾಸ್ತರ್ರ, ನೀವು ಬರೂದು ನೋಡಿ ನಾ ನಮಾಜಿಗಿ ಏಳಾಕತ್ತೇನಿ. ಇನ್ನ ನನ್ನ ಗಡಿಯಾರ ಮಾರಿಬಿಡ್ತೇನಿ.”

“ಗಡಿಯಾರ ಅದ ಏನ್ರಿ ನಿಮ್ಮ ಹತ್ತಿರ?”

“ಇಲ್ಲ. ಅದಕ್ಕ ಮಾರೂದು ಹಗೂರ.”

ನಗದೆ ಹೇಳಿ, ಹೆಬ್ಬೆರಳಿನಿಂದ ಉಸುಕು ಮುಟ್ಟುತ್ತ ಹೋಗಿಬಿಟ್ಟರು. ನನಗೆ ಅರ್ಥವಾಗಿ ನಗು ಬಂದದ್ದು ಶಾಲೆಯಲ್ಲಿ, ಮಗ್ಗಿ ಹೇಳಿಸುತ್ತಿದ್ದಾಗ.

ಅಲ್ಲಿಂದ ದಿನವೂ ಒಂದೆರಡು ಮಾತು. ಚಳಿ ಬಿದ್ದ ಮೇಲೆ ಅವರು ಉಸುಕಿನಲ್ಲಿ ಗುಣಿ ತೋಡತೊಡಗಿದರು. ಕೈಗೆ ತಂಪು ಹತ್ತುವವರೆಗೆ ತೋಡಿ, ತಿಪ್ಪೆಗೊಬ್ಬರ ಹಾಕಿ, ಪ್ರತಿ ಗುಣಿಗೆ ಬೀಜ ಇಡುವುದು ಕಾಕಿಯ ಕೆಲಸ. ಸಾಲುಗಳು ನೂಲು ಹಿಡಿದ ಹಾಗೆ ಇದ್ದುವು, ನನ್ನ ಕಣ್ಣಿಗೆ ಹಬ್ಬ. ಒಂದೇ ಒಂದು ಸಂಗತಿ ನನಗೆ ಸರಿಬೀಳಲಿಲ್ಲ. ಹೊಳೆಯ ತಿರುವಿನಲ್ಲಿ, ಅವರ ಪಾತಿಗಳ ಪಕ್ಕಕ್ಕೇ, ನಮ್ಮ ಶಾಲೆಯ ಬಯಲಿನಷ್ಟು ಉಸುಕನ್ನು ಖಾಲಿ ಬಿಟ್ಟಿದ್ದರು. ಅಂಗೈಯಂತೆ ಸಮನಾದ ಜಾಗ.

“ಕಾಕಾ, ಇದೊಂದು ಯಾಕ ಬಿತ್ತಲಿಲ್ಲ? ಎಲ್ಲಾದರಕಿಂತ ಇದೇ ಛಲೋ ಜಾಗ ಅದ.”

“ಛಲೋ ಅದ ಅಂತ ಅವರೂ ಅಂತಾರ.”

“ಯಾರು?”

“ಉಗಾದಿ ಮುಂದ ಬರ್ತಾರ. ಆಗ ನೋಡಾಕ ಬರ್ರಿ.”

ಕಾಕಿ ಗುಣಿಯಿಂದ ತಲೆಯೆತ್ತಿದರು. “ಬೀಗರು ಬರ್ತಾರ್ರಿ ಮಾಸ್ತರ್ರ, ಬೀಗರು! ಊಟ ತಾವೇ ತರ್ತಾರ, ಚೀರಾಟ ಅಷ್ಟ ನಮಗ.”

ನಾನು ಮತ್ತೆ ಕೇಳಲಿಲ್ಲ. ಯಾರೋ ನೆಂಟರು ಪಾಲಿಗೆ ಬರುತ್ತಾರೆ ಎಂದುಕೊಂಡೆ. ಉಗಾದಿಯ ಮುಂದೆ ನೋಡಲಿಕ್ಕೂ ಹೋಗಲಿಲ್ಲ. ಶಾಲೆಯ ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಅರ್ಧ ತಾಸು ಉಳಿಯುತ್ತದೆಂದು ಸ್ನಾನವನ್ನು ಶಾಲೆಯ ಬಾವಿಗೆ ಬದಲಿಸಿ, ಗೋಡೆಯ ಪತ್ರಿಕೆಯನ್ನೂ ತಿದ್ದಿದೆ. ಸುಮಾರು ಎರಡು ತಿಂಗಳು ಹೊಳೆಯ ಮುಖ ನೋಡಲಿಲ್ಲ.

ಚೈತ್ರದಲ್ಲಿ ಒಂದು ದಿನ ಊರಿನ ಗೌಡರು ನನ್ನನ್ನು ಕರೆಸಿದರು. ತಾಲ್ಲೂಕಿನ ಸಾಹೇಬರು ಹಳ್ಳಿಗಳ ತನಿಖೆಯ ದೌರೆಗೆ ಬರುವವರಿದ್ದರು. ನಾಳೆ ಸಂಜೆಗೆ ಡೇರೆ ಬೀಳಬೇಕು, ಎರಡು ದಿನದ ಮುಕ್ಕಾಂ. ಬಿಸಿಲು ಕಾಲವಾದ್ದರಿಂದ ಹೊಳೆಯ ಉಸುಕಿನ ಮೇಲೆಯೇ ಆಗಬೇಕೆಂದು ಅಪ್ಪಣೆ.

“ಮಾಸ್ತರ್ರ, ನೀವು ಅಳತಿ ಮನುಷ್ಯಾರು. ಜಾಗ ನೋಡಿ ಗೆರಿ ಹೊಡದಿಡ್ರಿ,” ಎಂದರು ಗೌಡರು.

ಅಳತೆಯ ಕೆಲಸವನ್ನು ಬೇರೆಯವರ ಕೈಗೆ ಒಪ್ಪಿಸುವವನು ನಾನಲ್ಲ. ಒಬ್ಬನೇ ಹೋದೆ. ಹಗ್ಗ, ನಾಲ್ಕು ಗೂಟ, ಒಂದು ಬುಟ್ಟಿ ಸುಣ್ಣದ ಪುಡಿ. ಮನಸ್ಸಿನಲ್ಲಿ ಜಾಗವನ್ನು ಆಗಲೇ ಗೊತ್ತುಮಾಡಿದ್ದೆ. ಊರ ಕಡೆಯ ದಂಡೆ ಬಿರುಕುಬಿಟ್ಟ ಎರೆಭೂಮಿ. ಮೇಲ್ಗಡೆ ಆಳವಾದ ಮಡು, ಕೆಳಗಡೆ ಅಗಸರ ಬಂಡೆ, ದನ ಇಳಿಯುವ ದಾರಿ. ನಡುವೆ ಕಾಕಾರ ಪಾತಿ, ಪಕ್ಕದಲ್ಲಿ ಆ ಖಾಲಿ ಬಯಲು. ಇನ್ನೇನು ಬೇಕು?

ಬಿಸಿಲಿಳಿಯುವ ಹೊತ್ತು. ನಾನು ಬಯಲಿಗೆ ಕಾಲಿಟ್ಟೊಡನೆ ಹಕ್ಕಿಗಳು ಎದ್ದುವು. ಬೂದು ಬೆನ್ನು, ಕರಿ ತಲೆ, ಹಳದಿ ಕೊಕ್ಕು, ಕವಲು ಬಾಲ. ಇಪ್ಪತ್ತೋ ಮೂವತ್ತೋ ಇದ್ದುವು. ಚೀರುತ್ತ ನೆತ್ತಿಯ ಮೇಲೆ ಎರಗಿ ಎರಗಿ ಹೋದುವು. ಹೊಳೆಯ ಹಕ್ಕಿಗಳ ಸ್ವಭಾವವೇ ಹೀಗಿರಬೇಕೆಂದು ಕೊಡೆ ಬಿಚ್ಚಿಕೊಂಡೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಸುಣ್ಣ. ಉದ್ದದ ಒಂದು ಗೆರೆ ಮುಗಿಸಿ ಅಡ್ಡಕ್ಕೆ ತಿರುಗಿದ್ದೆ.

“ಮಾಸ್ತರ್ರ, ನಿಂತಲ್ಲೇ ನಿಲ್ರಿ. ಕಾಲು ಎತ್ತಬ್ಯಾಡ್ರಿ.”

ಕಾಕಾ ಕೂಗಲಿಲ್ಲ, ಮಲಗಿದ ಮಗುವಿನ ಮಗ್ಗುಲಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ನನ್ನ ಮುಂದಿನ ಉಸುಕಿಗೆ ಬೆರಳು ಮಾಡಿದರು. ಮೊದಲು ನನಗೆ ಉಸುಕಷ್ಟೇ ಕಂಡಿತು. ಆಮೇಲೆ, ಬೊಗಸೆಯಷ್ಟು ತಗ್ಗಿನಲ್ಲಿ, ಉಸುಕಿನದೇ ಬಣ್ಣದ, ಕಂದು ಚುಕ್ಕೆಯ ಮೂರು ತತ್ತಿ. ಅದರಾಚೆ ಎರಡು. ಅದರಾಚೆ ಮತ್ತೆ. ಒಮ್ಮೆ ಕಂಡ ಮೇಲೆ ಎಲ್ಲೆಲ್ಲೂ ಅವೇ. ಕಡ್ಡಿಯಿಲ್ಲ, ಹುಲ್ಲಿಲ್ಲ, ಬರೀ ನೆಲದ ಮೇಲೆ ಸಂಸಾರ.

“ಈಗ ಕಾಲು ಎತ್ರಿ,” ಎಂದರು.

ಎತ್ತಿದೆ. ನನ್ನ ಚಪ್ಪಲಿಯ ಅಡಿಗೆ ಎರಡು ಒಡೆದಿದ್ದುವು.

ಕಾಕಾ ನನ್ನ ಚಪ್ಪಲಿ ತೆಗೆಸಿ, ತಾವು ಮುಂದೆ ನಡೆದು, ತಮ್ಮ ಹೆಜ್ಜೆಯ ಗುರುತಿನಲ್ಲೇ ಕಾಲಿಡಲು ಹೇಳಿ ಹೊರಗೆ ಕರೆತಂದರು. ನನ್ನ ಬೆನ್ನ ಹಿಂದೆ ಹಕ್ಕಿಗಳು ಒಂದೊಂದಾಗಿ ಇಳಿದು ಕೂತುವು. ಆ ಎರಡು ತತ್ತಿಯ ಹಕ್ಕಿಯೂ ಇಳಿಯಿತು. ಅದು ಅಲ್ಲಿ ನಿಂತು ಅತ್ತಿತ್ತ ನೋಡುವುದನ್ನು ನಾನು ನೋಡಲಾರದೆ ಹೋದೆ.

ಪಾತಿಯ ಮೂಲೆಯಲ್ಲಿ ಅವರ ಜೋಪಡಿ. ಕಾಕಿ ನೀರು ಕೊಟ್ಟರು. ಸಾಹೇಬರ ಡೇರೆಯ ಸುದ್ದಿ ಹೇಳಿದೆ.

“ನಾನೇ ಸಾಹೇಬರಿಗೆ ಹೇಳ್ತೇನಿ, ಹಕ್ಕಿ ತತ್ತಿ ಇಟ್ಟಾವ ಅಂತ,” ಎಂದೆ.

“ನಕ್ಕೋ ಮಾಸ್ತರ್ರ,” ಕಾಕಾ ತಲೆಯಲ್ಲಾಡಿಸಿದರು. “ತತ್ತಿ ಅನ್ನೂದು ಸಾಹೇಬರ ಕಿವೀಗಿ ಬೀಳೂದಕಿಂತ ಮೊದಲ ಅಡಗಿ ಮಾಡೋ ಬಬರ್ಚಿ ಕಿವೀಗಿ ಬೀಳ್ತದ. ಮುಂಜಾನೆ ನಾಷ್ಟಾಕ್ಕ ಬುಟ್ಟಿ ತಗೊಂಡು ಬರ್ತಾನ.”

“ಮತ್ತ ಡೇರೆ ಎಲ್ಲಿ?”

ಕಾಕಾ ತಮ್ಮ ಪಾತಿಯ ಕಡೆ ನೋಡಿದರು. ಕಾಕಿ ಅವರು ನೋಡಿದ್ದನ್ನು ನೋಡಿದರು. ಮೊದಲ ಕೊಯ್ಲು ಆಗಿತ್ತು. ಎರಡನೆಯ ಸಲದ ಕಾಯಿಗಳು ಉಸುಕಿನಲ್ಲಿ ಹೊಟ್ಟೆ ಊರಿ ಮಲಗಿದ್ದುವು. ಇನ್ನು ಹದಿನೈದು ದಿನ ಬೇಕಿತ್ತು.

“ನಿಮ್ಮ ಹಕ್ಕಿ ನಿಮಗ ಮಕ್ಕಳು,” ಎಂದರು ಕಾಕಿ. “ನನ್ನ ಬಳ್ಳಿ ಯಾರು? ನಾ ಕೊಡ ಹೊತ್ತು ನೀರು ಹಾಕೀನಿ. ನಿಮ್ಮ ಟೋಪಿವಾಲಿ ಹಾಕ್ಯಾಳೇನು?” ಕರಿ ತಲೆಯ ಆ ಹಕ್ಕಿಗೆ ಕಾಕಾ ಇಟ್ಟ ಹೆಸರು ಟೋಪಿವಾಲಿ.

“ನೀ ಬ್ಯಾಡ ಅಂದ್ರ ಬ್ಯಾಡ,” ಎಂದರು ಕಾಕಾ. “ನಿನ್ನ ಪಾತಿ.”

“ಹೀಂಗ ಅಂದು ಅಂದೇ ನಲವತ್ತು ವರ್ಷ ಆಳೀರಿ.”

ಆಕೆ ಎದ್ದು ಹೋಗಿ ಪಾತಿಯ ನಡುವೆ ನಿಂತರು. ಎಷ್ಟು ಹೊತ್ತೋ. ನಾನು ನನ್ನ ಪಾದ ನೋಡುತ್ತ ಕೂತಿದ್ದೆ. ಆಕೆ ತಿರುಗಿ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಒಂದು ಮಾತು. ಬಳ್ಳಿ ನಾನೇ ಕೀಳ್ತೇನಿ. ನಿಮ್ಮ ಕೈ ಒರಟ. ಮಾಸ್ತರ್ರ, ನೀವು ನಾಳೆ ಎಷ್ಟಕ್ಕ ಏಳ್ತೀರಿ?”

“ನಾಲ್ಕೂವರೆಗೆ.”

“ನಾಳೆ ನಾಲ್ಕಕ್ಕ ಏಳ್ರಿ.”

ಮರುದಿನ ಬೆಳಕು ಹರಿಯುವಾಗ ನಾವು ಮೂವರೂ ಪಾತಿಯಲ್ಲಿದ್ದೆವು. ಕಾಕಿ ಒಂದೊಂದು ಬಳ್ಳಿಯನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎಳೆದು, ಹೊರೆ ಮಾಡಿ ನನ್ನ ತಲೆಗೆ ಏರಿಸುತ್ತಿದ್ದರು. ಎಳೆಯ ಕಾಯಿಗಳು ಎಮ್ಮೆಗೆ. ಕಾಕಾ ಗುಣಿ ಮುಚ್ಚಿ ಹಲಗೆ ಎಳೆದು ಸಮ ಮಾಡಿದರು. ಆಮೇಲೆ ಜಾಲಿಯ ಮುಳ್ಳು ತಂದು ಹಕ್ಕಿಗಳ ಬಯಲಿನ ಸುತ್ತ ಬೇಲಿ ಎಳೆದರು. ನನ್ನ ಸುಣ್ಣದ ಗೆರೆಯನ್ನು ಅವರೇ ಒಳಗೆ ಹೋಗಿ ಕೈಯಿಂದ ತೀಡಿ ಅಳಿಸಿದರು. ಹೊತ್ತು ನೆತ್ತಿಗೇರುವ ಮುನ್ನ ನಾನು ಹೊಸ ಗೆರೆ ಹಾಕಿದೆ. ಎಂದಿನಂತೆ ನೆಟ್ಟಗೆ ಬಂತು. ಅದರಿಂದ ನನಗೆ ಸಂತೋಷವೇನೂ ಆಗಲಿಲ್ಲ.

ಸಂಜೆ ಡೇರೆ ಎದ್ದಿತು. ಸಾಹೇಬರ ಜವಾನ ಬೇಲಿಯ ಹತ್ತಿರ ಹೋದಾಗ ಕಾಕಾ ಓಡಿ ಅಡ್ಡ ನಿಂತರು. “ಆ ಕಡೆ ಹೋಗಬ್ಯಾಡ್ರಿ ಸಾಬ್, ಹುದುಲು ಅದ. ಮ್ಯಾಲ ಒಣಗಿದ್ದು ಕಾಣ್ತದ, ಒಳಗ ಕಾಲು ಎಳಕೋತದ. ಹೋದ ವರ್ಷ ಒಂದು ಎತ್ತು ಹೋಗ್ಯಾದ.” ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎತ್ತಿನ ಕೊಂಬು ಹೇಗಿತ್ತೆಂದೂ ಹೇಳಿದರು.

ಮರುದಿನ ಬೆಳಿಗ್ಗೆ ಸಾಹೇಬರು ಡೇರೆಯ ಹೊರಗೆ ಕುರ್ಚಿ ಹಾಕಿಸಿ ಚಹಾ ಕುಡಿಯುತ್ತಿದ್ದರು. ಗಂಭೀರ ಮನುಷ್ಯ, ಮಾತು ಕಡಿಮೆ. ಶಾಲೆಯ ಹಾಜರಿ ಪುಸ್ತಕ ತೋರಿಸಲು ನಾನು ಹೋಗಿದ್ದೆ. ಹಕ್ಕಿಗಳು ನೀರಿನ ಮೇಲೆ ತೇಲಿ, ನೆಟ್ಟಗೆ ಬಿದ್ದು ಮೀನು ಹಿಡಿದು ಬೇಲಿಯೊಳಕ್ಕೆ ಇಳಿಯುತ್ತಿದ್ದುವು. ಸಾಹೇಬರು ಉರ್ದುವಿನಲ್ಲಿ ಕಾಕಾರನ್ನು ಕೇಳಿದರು, ಇವು ಇಷ್ಟು ಯಾಕೆ ಚೀರುತ್ತವೆ ಎಂದು.

“ತಮ್ಮ ಬಂದೋಬಸ್ತಿಗೆ, ಹುಜೂರ್,” ಎಂದರು ಕಾಕಾ.

ಸಾಹೇಬರು ನನ್ನ ಕಡೆ ತಿರುಗಿದರು. “ಮಾಸ್ಟರ್, ಎತ್ತು ಮುಳುಗುವ ಹುದುಲಿನಲ್ಲಿ ಹಕ್ಕಿ ಹೇಗೆ ಕೂರುತ್ತದೆ?”

“ಹಗುರ ಇರುತ್ತವೆ, ಹುಜೂರ್.”

ಅವರು ಹಾಜರಿ ಪುಸ್ತಕ ಮುಚ್ಚಿದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಜವಾನನನ್ನು ಕರೆದು, ಆ ಬೇಲಿಯ ಕಡೆ ಯಾರೂ ಸುಳಿಯಬಾರದೆಂದು ತಾಕೀತು ಮಾಡಿ, ಕುರ್ಚಿಯನ್ನು ಹಕ್ಕಿಗಳ ಕಡೆಗೆ ತಿರುಗಿಸಿಕೊಂಡರು. ಇನ್ನೊಂದು ಚಹಾ ತರಿಸಿದರು. ಅಂದಿನ ತನಿಖೆ ತಡವಾಗಿ ಶುರುವಾಯಿತು.

ಡೇರೆ ಕಿತ್ತ ಮೇಲೆ ಬಂದ ರಜೆಯ ದಿನ ಕಾಕಾ ನನ್ನನ್ನು ಹೊಳೆಗೆ ಕರೆದೊಯ್ದರು, ಅದೂ ನಡು ಮಧ್ಯಾಹ್ನ. ಬೇಲಿಯಿಂದ ದೂರ, ಜೋಪಡಿಯ ನೆರಳಿನಲ್ಲಿ ಕೂರಿಸಿದರು. ಉಸುಕು ಬಾಣಲೆಯಂತೆ ಕಾದಿತ್ತು. ಹಕ್ಕಿಗಳು ತತ್ತಿಯ ಮೇಲೆ ರೆಕ್ಕೆ ಸಡಿಲಿಸಿ, ಬಾಯಿ ತೆರೆದು ನಿಂತಿದ್ದುವು.

“ಈಗ ಅದನ್ನ ನೋಡ್ರಿ. ಏಳ್ತದ.”

ಒಂದು ಹಕ್ಕಿ ಎದ್ದು ಹೊಳೆಗೆ ಹಾರಿತು. ಮೀನಿಗೆ ಎರಗಲಿಲ್ಲ. ನೀರಿನ ಮೇಲೆ ಹೊಟ್ಟೆ ತಾಗಿಸಿ ಜಾರಿತು, ಮತ್ತೊಮ್ಮೆ ಜಾರಿತು. ತಿರುಗಿ ಬಂದು, ತೊಟ್ಟಿಕ್ಕುವ ಹೊಟ್ಟೆಯನ್ನು ತತ್ತಿಗಳ ಮೇಲೆ ಇಳಿಸಿ ಕೂತಿತು. ಹೊಟ್ಟೆಯ ಗರಿಯಲ್ಲಿ ನೀರು ಹೊತ್ತು ತಂದಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ್ದು ಎದ್ದಿತು. ಆಮೇಲೆ ಮೊದಲಿನದೇ ಮತ್ತೆ. ಎರಡು ತಾಸು ನಾನು ಗಡಿಯಾರ ನೋಡಲಿಲ್ಲ. ನನ್ನ ಆಯುಷ್ಯದಲ್ಲಿ ಅದಕ್ಕಿಂತ ಚೆಲುವಾದದ್ದನ್ನು ನೋಡಿಲ್ಲ. ಆಮೇಲೆ ಬೇಲೂರು, ಅಜಂತಾ ಎಲ್ಲವನ್ನೂ ನೋಡಿದ್ದೇನೆ.

“ನಿಮ್ಮ ಕಾಕೀನೂ ಹೀಂಗ ನೀರು ಹೊರ್ತಾಳ,” ಎಂದರು ಕಾಕಾ. “ಅದಕ್ಕ ಆಕಿ ಬಳ್ಳಿ ಕಿತ್ತಳು. ನನಗ ಆ ಹಕ್ಕಿ ಸಂಕಟ ಇಷ್ಟು ತಿಳೀತಿದ್ದಿಲ್ಲ.”

ಅವರೇ ಮುಂದುವರಿಸಿದರು. “ಈ ಉಸುಕು ಯಾರ ಹೆಸರಿನ್ಯಾಗೂ ನಿಲ್ಲಾಂಗಿಲ್ಲ ಮಾಸ್ತರ್ರ. ಮಳಿ ಬಂತಂದ್ರ ನಿಮ್ಮ ಪಾಟಿ ಒರೆಸಿದಾಂಗ ಒರೆಸಿ ಹೋಗ್ತದ. ಹೊಳಿ ಇಳದ ಮ್ಯಾಲ ಮತ್ತ ಹೊಸದಾಗಿ ಕೇಳಬೇಕು. ಕೇಳೋರು ನಾವಷ್ಟೇ ಅಲ್ಲ.”

ಮಿರಗದ ಮೊದಲ ಮಳೆ ಬಂದು ಹೊಳೆ ಕೆಂಪಾಗುವ ಹೊತ್ತಿಗೆ ಮರಿಗಳು ಹಾರಿದ್ದುವು. ಒಂದೇ ಒಂದು ಮರಿ ಹಿಂದೆ ಉಳಿದು ಬೇಲಿಯ ಬಳಿ ತಿರುಗಾಡುತ್ತಿತ್ತು. ನೀರು ಏರುವ ಮುನ್ನ ಅದೂ ಹೋಯಿತು. ಕಾಕಾ ದಂಡೆಯ ಮೇಲೆ ನಿಂತು ಅದಕ್ಕೆ ಸಲಾಮು ಮಾಡಿದರು. ಕಾಕಿ, “ಬೀಗರು ಹೋದ್ರಪಾ, ಕಿವೀಗಿ ಆರಾಮ,” ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಆ ವರ್ಷ ನನ್ನ ತಪ್ಪಿನ ಬಗ್ಗೆ ಊರಲ್ಲಿ ಯಾರೂ ಚಕಾರ ಎತ್ತಲಿಲ್ಲ. ಪಾತಿ ಕಿತ್ತು ಅಲ್ಲಿ ಯಾಕೆ ಡೇರೆ ಹಾಕಿದಿರಿ ಎಂದು ಗೌಡರೂ ಕೇಳಲಿಲ್ಲ. ನಾನು ಅದನ್ನು ನನ್ನ ಅದೃಷ್ಟವೆಂದುಕೊಂಡೆ. ಎರಡು ವರ್ಷದ ಮೇಲೆ ಜೇವರ್ಗಿಗೆ ವರ್ಗವಾಗಿ ಹೋದೆ.

ಕಾಕಾ ತೀರಿಕೊಂಡದ್ದು ಅದರ ಮುಂದಿನ ಕಾರ್ತಿಕದಲ್ಲಿ. ಎರಡು ದಿನ ಜ್ವರ, ಅಷ್ಟೇ. ಸುದ್ದಿ ತಡವಾಗಿ ಮುಟ್ಟಿತು. ನಲವತ್ತನೆಯ ದಿನಕ್ಕೆ ಹೋದೆ. ಹೊಳೆ ಇಳಿದು ಉಸುಕು ಬಯಲಾಗಿತ್ತು. ಮನೆಯಂಗಳದಲ್ಲಿ ಚಾಪೆ ಹಾಸಿ ಊರವರು ಕೂತಿದ್ದರು. ಹೊಳೆಯುದ್ದಕ್ಕೂ ಇರುವ ಬೇರೆ ಊರುಗಳ ಬಾಗವಾನರೂ ಬಂದಿದ್ದರು.

ಒಳಗೆ ಹೋಗಿ ಕಾಕಿಯ ಮುಂದೆ ಕೂತೆ. ಆಕೆ ಬಿತ್ತನೆಗೆ ಬೀಜ ಆರಿಸುತ್ತಿದ್ದರು. “ಇಷ್ಟು ಬೀಜ ನಿಮಗೇ ಬೇಕೇನ್ರಿ ಕಾಕಿ?” ಎಂದೆ, ಬೇರೆ ಮಾತು ತೋಚದೆ.

“ಮೊದಲು ಇವರ ಬೀಜ ಅಂದ್ರ ಈ ಹೊಳಿ ಬಾಗವಾನರೆಲ್ಲಾ ಸಾಲು ಹಚ್ಚತಿದ್ರು. ಆ ಡೇರೆ ವರ್ಷದಿಂದ ಯಾರೂ ಬಂದಿಲ್ಲ.”

“ಯಾಕ?”

ಆಕೆ ಮುಖ ಎತ್ತದೆ ಹೇಳಿದರು. “ಬಳ್ಳೀಗಿ ರೋಗ ಹತ್ತಿತ್ತು, ಅದಕ್ಕ ಕಿತ್ತಿವಿ ಅಂತ ಇವರು ಊರಿಗೆಲ್ಲಾ ಹೇಳಿದ್ರು. ರೋಗದ ಬಳ್ಳಿ ಬೀಜ ಯಾರು ಒಯ್ತಾರ? ನಾ ಜಗಳಾಡಿದೆ. ‘ಖರೇ ಹೇಳಿದ್ರ ಮಾಸ್ತರ ತತ್ತಿ ತುಳದದ್ದೂ ಹೇಳಬೇಕಾಗ್ತದ. ಹೊಸಾ ಮಾಸ್ತರ, ಮಂದಿ ನಕ್ಕರ ನಾಳೆ ಹುಡುಗರು ಮಾತು ಕೇಳಾಂಗಿಲ್ಲ, ನೀ ಸುಮ್ಮನಿರು’ ಅಂದ್ರು.”

ನಾನು ಎದ್ದು ಹೊರಗೆ ಬಂದೆ. ಸಭೆಯಲ್ಲಿ ಮಾತಾಡುವುದು ನನಗೆ ಹೊಸದಲ್ಲ. ಅಂದಿನ ಮಾತು ಮಾತ್ರ ನನ್ನ ತಪ್ಪಿನದು. ಚಾಪೆಯ ಅಂಚಿನಲ್ಲಿ ನಿಂತು ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಹಗ್ಗ, ಸುಣ್ಣ, ಚಪ್ಪಲಿಯಡಿಯ ಎರಡು ತತ್ತಿ. ಬಳ್ಳಿಗೆ ಯಾವ ರೋಗವೂ ಇರಲಿಲ್ಲ, ಹಕ್ಕಿಗಳ ಜಾಗ ಉಳಿಸಲು ಅವನ್ನು ಕಿತ್ತರು, ನನ್ನ ತಪ್ಪು ಮುಚ್ಚಲು ರೋಗದ ಮಾತು ಹೇಳಿದರು ಎಂದೆ.

ಗೌಡರು ಕೇಳಿದರು. “ಈಗ ಹೇಳಿದ್ರ ಅಂವಗ ಕೇಳಸ್ತದೇನ್ರಿ ಮಾಸ್ತರ್ರ?”

ಬಾಗಿಲಲ್ಲಿ ಕಾಕಿ ಬೀಜದ ಮೊರ ಹಿಡಿದು ನಿಂತಿದ್ದರು. “ಅವರಿಗಿ ಕೇಳಸೂದು ಬ್ಯಾಡ. ನಿಮಗ ಕೇಳಿಸ್ತಲ್ಲ.”

ಕೆಳಗಿನ ಊರಿನ ಒಬ್ಬ ಬಾಗವಾನ ಎದ್ದು ಬಂದು ಕೈಯೊಡ್ಡಿದ. ಹಿಂದೆಯೇ ಇನ್ನಿಬ್ಬರು. ಕಾಕಿ ಮೊರವನ್ನು ಹಿಂದಕ್ಕೆ ಎಳೆದುಕೊಂಡರು.

“ಬೀಜ ಒಯ್ಯೋರು ತಮ್ಮ ತಮ್ಮ ತಿರುವಿನ್ಯಾಗ ಟೋಪಿವಾಲೀಗಿ ಜಾಗ ಬಿಡಬೇಕು. ಕಡೀಗಿ ಮಿಕ್ಕಿದ್ದಲ್ಲ, ಛಲೋ ಜಾಗ. ಆಗ್ತದಂದ್ರ ಕೈ ಚಾಚ್ರಿ.”

ಒಬ್ಬ ಕೈ ಹಿಂದಕ್ಕೆ ತೆಗೆದುಕೊಂಡ. ಉಳಿದವರು ಚಾಚಿದರು. ಕಾಕಿ ಒಬ್ಬೊಬ್ಬರಿಗೂ ಎರಡೆರಡು ಹಿಡಿ ಹಾಕಿದರು.

ನಾನು ಮಾಸ್ತರಿಕೆ ಮಾಡಿ ಮುಗಿಸಿ ಬಹಳ ವರ್ಷವಾಯಿತು. ಮಕ್ಕಳು ನನ್ನ ಮಾತು ಕೇಳುತ್ತಿದ್ದರೆಂಬ ಹೆಸರು ಇಂದಿಗೂ ಇದೆ. ಮೊದಲ ವರ್ಷವೇ ಊರು ನಕ್ಕಿದ್ದರೆ ಕೇಳುತ್ತಿದ್ದರೋ ಇಲ್ಲವೋ ತಿಳಿಯದು. ಊರು ನಗದ ಹಾಗೆ ಕಾಯ್ದ ಕಾಕಾ ತಮ್ಮ ಕಸುಬಿನ ಮರ್ಯಾದೆಯನ್ನೇ ಅದಕ್ಕೆ ಕೊಟ್ಟರು, ನನ್ನೆದುರು ಒಂದು ದಿನವೂ ಅದನ್ನು ಆಡಲಿಲ್ಲ. ನಾನು ಅವರಿಗಾಗಿ ಪಟ್ಟದ್ದು ಚಾಪೆಯ ಅಂಚಿನಲ್ಲಿ ನಿಂತ ಅಷ್ಟು ಹೊತ್ತಿನ ನಾಚಿಕೆ ಮಾತ್ರ.